ಮ್ಯಾಪ್ ಕೆಲಸ ಕಲಿಯಬೇಕಾ? ಮೊದಲು ನಿಮ್ಮ ಬೇಲಿ ಅಳೆಯಿರಿ

ತಿಂಗಳಿಗೆ ಎರಡು ಮೂರು ಫೋನ್ ಆದರೂ ಬರುತ್ತವೆ. ಸಿವಿಲ್ ಡಿಪ್ಲೊಮಾ ಮುಗಿಸಿದ ಹುಡುಗ, ಬಿ.ಎಸ್ಸಿ. ಮಾಡಿ ಮನೆಯಲ್ಲಿ ಕೂತ ಹುಡುಗಿ, ಒಮ್ಮೊಮ್ಮೆ ಅವರ ಅಪ್ಪಂದಿರು. ಎಲ್ಲರದ್ದೂ ಒಂದೇ ಪ್ರಶ್ನೆ. "ಅಣ್ಣಾ, ಈ ಜಿಐಎಸ್ ಕೋರ್ಸ್ ಎಲ್ಲಿ ಮಾಡಿದರೆ ಒಳ್ಳೇದು? ಡ್ರೋನ್ ಕಲಿತರೆ ಕೆಲಸ ಉಂಟಾ?"

ಜಿಐಎಸ್ ಅಂದರೆ ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡಿ ಲೆಕ್ಕ ಹಾಕುವ ವಿದ್ಯೆ. ಕೋರ್ಸಿನ ವಿಷಯ ಆಮೇಲೆ ಹೇಳುತ್ತೇನೆ. ಫೀಸ್ ಕಟ್ಟುವ ಮೊದಲು ಒಂದು ಭಾನುವಾರ ತೆಗೆದಿಡಿ. ನಿಮ್ಮದೇ ಜಾಗದ ಸುತ್ತ ಅಳೆದುಕೊಂಡು ಒಂದು ಸುತ್ತು ಬನ್ನಿ. ಈ ಕೆಲಸ ನಿಮಗೆ ಹಿಡಿಸುತ್ತದಾ ಇಲ್ಲವಾ ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ನಾನೂ ಸರ್ವೇ ಯಂತ್ರ ಗುರಿಯಿಡುವ ಗಾಜು ಕಟ್ಟಿದ ಪ್ರಿಸಂ ಕೋಲು ಹಿಡಿದು ಬಿಸಿಲಲ್ಲಿ ನಿಲ್ಲುವ ಹುಡುಗನಾಗಿಯೇ ಈ ಕಡೆ ಬಂದದ್ದು. ಈಗ ಹೆಚ್ಚಿನ ದಿನ ಮಂಗಳೂರಲ್ಲಿ ಫ್ಯಾನಿನ ಅಡಿ ಕಂಪ್ಯೂಟರ್ ಮುಂದೆ ಇರುತ್ತೇನೆ, ಆದರೆ ಬೇಲಿ ಅಳೆದವನಿಗೂ ಅಳೆಯದವನಿಗೂ ವ್ಯತ್ಯಾಸ ಮೊದಲ ವಾರದಲ್ಲೇ ಕಾಣುತ್ತದೆ.

ಭಾನುವಾರದ ಕೆಲಸ

ಮೊದಲು ಆರ್‌ಟಿಸಿ ಮತ್ತು ಸರ್ವೇ ನಂಬರಿನ ನಕ್ಷೆ ಹುಡುಕಿ ತೆಗೆಯಿರಿ. ಅಪ್ಪನ ಕಪಾಟಿನಲ್ಲಿ ಹಳೇ ಎಫ್‌ಎಂಬಿ, ಅಂದರೆ ಸರ್ವೇ ಇಲಾಖೆಯ ಅಳತೆ ಪುಸ್ತಕದ ನಕಲು ಸಿಕ್ಕಿದರೆ ನಿಮ್ಮ ಪುಣ್ಯ. ಹಳೇ ನಕ್ಷೆಯಲ್ಲಿ ಗೆರೆಯ ಪಕ್ಕ ಬರೆದ ಅಂಕಿ ಅಡಿಯೂ ಅಲ್ಲ, ಮೀಟರೂ ಅಲ್ಲ, ಸಾಮಾನ್ಯವಾಗಿ ಲಿಂಕ್ಸ್. ಹಿಂದೆ ಜಾಗ ಅಳೆಯುತ್ತಿದ್ದ ಗುಂಟರ್ ಚೈನ್ ಅನ್ನುವ ಸರಪಳಿ 66 ಅಡಿ, ಅದರಲ್ಲಿ 100 ಲಿಂಕ್ಸ್. 10 ಚದರ ಚೈನಿಗೆ 1 ಎಕರೆ. ಲೆಕ್ಕ ಹಾಕಿ ನೋಡಿ, ಸರಿಯಾಗಿ 1000 ಚದರ ಲಿಂಕ್ಸಿಗೆ 1 ಸೆಂಟ್ಸ್ ಬರುತ್ತದೆ. ಘಟ್ಟದ ಮೇಲಿನವರು ಗುಂಟೆ ಅನ್ನುವಾಗ ನಾವು ಸೆಂಟ್ಸ್ ಅನ್ನುವುದು ಸುಮ್ನೆ ಅಲ್ಲ. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿಗೆ ಸೇರಿತ್ತು, ಅಳತೆಯೂ ಅಲ್ಲಿಂದಲೇ ಬಂತು. 1 ಗುಂಟೆ ಅಂದರೆ ಎರಡೂವರೆ ಸೆಂಟ್ಸ್, 1089 ಚದರ ಅಡಿ. ಇದು ಬಾಯಿಪಾಠ ಇರಲಿ, ಬೆಂಗಳೂರಿನ ಆಫೀಸಿನವರ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಆಮೇಲೆ ಫೋನಿಗೆ ದಿಶಾಂಕ್ ಆ್ಯಪ್ ಹಾಕಿ. ರಾಜ್ಯ ಸರ್ಕಾರದ್ದು, ಉಚಿತ. ನಿಂತ ಜಾಗದ ಸರ್ವೇ ನಂಬರು ತೋರಿಸುತ್ತದೆ. ಈಗ ಗಡಿ ಕಲ್ಲು ಹುಡುಕುತ್ತಾ ಹೋಗಿ. ಪ್ರತಿ ಮೂಲೆಯಲ್ಲೂ ಒಂದೆರಡು ನಿಮಿಷ ಅಲುಗಾಡದೆ ನಿಂತು ಫೋನಿನ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಅದು ಮುಗಿದ ಮೇಲೆ ತಮ್ಮನನ್ನೋ ಭಾವನನ್ನೋ ಕರೆದು 30 ಮೀಟರ್ ಟೇಪ್ ಎಳೆದು ಅದೇ ಬದಿಗಳನ್ನು ಅಳೆಯಿರಿ. ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣವನ್ನೂ ಅಳೆಯಿರಿ, ಇಲ್ಲದಿದ್ದರೆ ಆಕಾರ ನಿಲ್ಲುವುದಿಲ್ಲ.

ನಾನು ಇದನ್ನು ಮೊದಲು ಮಾಡಿದ್ದು ಅಜ್ಜಿಮನೆಯಲ್ಲಿ. 10 ಸೆಂಟ್ಸ್ ಜಾಗ. ಫೋನಿನ ಲೆಕ್ಕದಲ್ಲಿ 15 ಸೆಂಟ್ಸ್ ಬಂತು. ಮಾವನಿಗೆ ಖುಷಿಯೋ ಖುಷಿ. "ನೆರೆಯವ ಒತ್ತಿಕೊಂಡದ್ದೆಲ್ಲ ವಾಪಸ್ ಬಂತಲ್ಲ ಮಾರಾಯ" ಅಂತ ಚಾ ಹೀರುತ್ತಾ ನಕ್ಕರು. ಬಂದದ್ದು ಎಂತದೂ ಇಲ್ಲ. 10 ಸೆಂಟ್ಸ್ ಅಂದರೆ ಸುಮಾರು 405 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 20 ಮೀಟರ್ ಉದ್ದ, 20 ಮೀಟರ್ ಅಗಲ. ಬಯಲಲ್ಲಿ ನಿಂತರೂ ಫೋನಿನ ಜಿಪಿಎಸ್ 5 ಮೀಟರಿನಷ್ಟು ಆಚೀಚೆ ಆಗುತ್ತದೆ, ತೆಂಗಿನ ಮರದ ಅಡಿ ಇನ್ನೂ ಜಾಸ್ತಿ. 20 ಇದ್ದದ್ದು ಎರಡೂ ಕಡೆ 25 ಆದರೆ 625 ಚದರ ಮೀಟರ್. ಹೋಯ್ತು, 15 ಸೆಂಟ್ಸ್. ಟೇಪಿನಲ್ಲಿ ಅಳೆದಾಗ 10ಕ್ಕೆ ಸ್ವಲ್ಪ ಕಡಿಮೆಯೇ ಬಂತು, ಮಾವ ಎರಡನೇ ಸಲ ಚಾ ಕೊಡಲಿಲ್ಲ.

ಅದೇ 5 ಮೀಟರ್ ತಪ್ಪು 20 ಎಕರೆ ತೋಟದಲ್ಲಿ ಅಷ್ಟು ಕಾಣುವುದಿಲ್ಲ, ಮಲ್ಪೆಯ ಬೋಟಿಗಂತೂ ಲೆಕ್ಕಕ್ಕೇ ಇಲ್ಲ. ಮ್ಯಾಪ್ ಮಾಡಲು ಈಗ ಯಾರಿಗೂ ಬರುತ್ತದೆ. ಅದು ಎಷ್ಟು ತಪ್ಪಿರಬಹುದು, ಆ ತಪ್ಪು ಈ ಕೆಲಸಕ್ಕೆ ನಡೆಯುತ್ತದಾ ಅಂತ ಹೇಳುವವರು ಕಡಿಮೆ. ಸಂಬಳ ಸಿಗುವುದು ಅದಕ್ಕೆ.

ಕಂಪ್ಯೂಟರಿಗೆ ತಂದಾಗ

ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಪೂರ್ತಿ ಉಚಿತ, ಕದ್ದ ಸಾಫ್ಟ್‌ವೇರ್ ಹುಡುಕುವ ಗೋಜೇ ಬೇಡ. ಬರೆದುಕೊಂಡ ಬಿಂದುಗಳನ್ನು ಎಕ್ಸೆಲಿನಲ್ಲಿ ಹಾಕಿ, ಸಿಎಸ್‌ವಿ ಫೈಲ್ ಆಗಿ ಸೇವ್ ಮಾಡಿ, ಕ್ಯೂಜಿಐಎಸ್ ಒಳಗೆ ತನ್ನಿ. ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಇಲ್ಲಿ ಎಲ್ಲರೂ ಒಮ್ಮೆ ಜಾರುತ್ತಾರೆ. ಕಟಪಾಡಿಯ ಬಾವಿಗಳ ಪಟ್ಟಿಯನ್ನು ನಾನು ಉಲ್ಟಾ ಹಾಕಿದ್ದೆ. 13 ಮತ್ತು 74 ಅದಲು ಬದಲಾಗಿ ಎಲ್ಲ ಬಾವಿಗಳೂ ನಾರ್ವೆ ದೇಶದ ಉತ್ತರದ ಸಮುದ್ರದಲ್ಲಿ ಸಾಲಾಗಿ ನಿಂತಿದ್ದವು.

ಅಂಥ ತಪ್ಪು ಒಳ್ಳೆಯದು, ಕಣ್ಣಿಗೆ ಹೊಡೆಯುತ್ತದೆ. ಕಾಣದ ತಪ್ಪೇ ಕೆಟ್ಟದ್ದು. ಅದಕ್ಕೆ ಪ್ರೊಜೆಕ್ಷನ್, ಅಂದರೆ ಉರುಟು ಭೂಮಿಯನ್ನು ಚಪ್ಪಟೆ ಮ್ಯಾಪಿಗೆ ಇಳಿಸುವ ಲೆಕ್ಕ, ಅನ್ನುವುದನ್ನು ಮೊದಲ ದಿನವೇ ಅರ್ಥ ಮಾಡಿಕೊಳ್ಳಿ. ಜಿಪಿಎಸ್ ಕೊಡುವುದು ಡಿಗ್ರಿ, ಡಬ್ಲ್ಯೂಜಿಎಸ್ 84 ಅನ್ನುವ ಭೂಮಿಯ ಲೆಕ್ಕದಲ್ಲಿ. ನಮಗೆ ಬೇಕಾದ್ದು ಮೀಟರ್. ಮಂಗಳೂರು, ಉಡುಪಿ ಎರಡೂ 72ರಿಂದ 78 ಡಿಗ್ರಿ ನಡುವಿನ ಯುಟಿಎಂ ಅನ್ನುವ ಮೀಟರ್ ಪ್ರೊಜೆಕ್ಷನ್ನಿನ 43 ಉತ್ತರ ವಲಯದಲ್ಲಿ ಬರುತ್ತವೆ, ಸಾಫ್ಟ್‌ವೇರಿನಲ್ಲಿ ಅದರ ಗುರುತು ಇಪಿಎಸ್‌ಜಿ ನಂಬರ್ 32643. ಚೆನ್ನೈಗೆ ಹೋದರೆ 44. ಲೇಯರನ್ನು, ಅಂದರೆ ಒಳಗೆ ತಂದ ಬಿಂದುಗಳ ಪದರವನ್ನು, 32643ಕ್ಕೆ ಬದಲಿಸಿ ಸೇವ್ ಮಾಡಿಕೊಂಡು ಆಮೇಲೆ ಅಳತೆ ಮಾಡಿ. ಡಿಗ್ರಿಯಲ್ಲೇ ಬಿಟ್ಟು, ಹೊಳೆಯ ಸುತ್ತ 50 ಮೀಟರ್ ಪಟ್ಟಿ, ಅಂದರೆ ಬಫರ್, ಬೇಕು ಅಂತ 50 ಒತ್ತಿದಿರೋ, ಅದು 50 ಡಿಗ್ರಿ ಅಂದುಕೊಂಡು ಅರ್ಧ ಏಷ್ಯಾವನ್ನೇ ನುಂಗಿ ಕೂರುತ್ತದೆ.

ನನ್ನ ದೊಡ್ಡ ಎಡವಟ್ಟು ಆದದ್ದು ಡೇಟಮ್ಮಿನಲ್ಲಿ, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ಭೂಮಿಯ ಆಕಾರದ ಲೆಕ್ಕದಲ್ಲಿ. ಒಂದು ಕಂಪನಿಯ ಕೆಲಸಕ್ಕೆ ಸರ್ವೇ ಆಫ್ ಇಂಡಿಯಾದ ಹಳೇ ಟೋಪೋಶೀಟ್ ನಕ್ಷೆಯಿಂದ ತೋಡುಗಳನ್ನು ಗೀರಿಕೊಳ್ಳುತ್ತಿದ್ದೆ. ಮಂಗಳೂರಿನ ಶೀಟ್ ನಂಬರ್ 48 ಎಲ್/13. ಆ ಹಳೇ ಶೀಟುಗಳು ಎವರೆಸ್ಟ್ 1830 ಲೆಕ್ಕದವು, ಜಿಪಿಎಸ್ಸಿನ ಲೆಕ್ಕದವಲ್ಲ. ಎರಡೂ ಒಂದೇ ಅಂದುಕೊಂಡು ಸೇರಿಸಿದರೆ ನಮ್ಮ ಕಡೆ ಎಲ್ಲವೂ ನೂರು ಮೀಟರಿಗಿಂತ ಜಾಸ್ತಿಯೇ ಸರಿಯುತ್ತದೆ. ನೋಡಲು ಮ್ಯಾಪ್ ಚಂದವಿತ್ತು. ರಿಪೋರ್ಟೂ ಹೋಯಿತು. ಸೈಟಿಗೆ ಹೋದ ಇಂಜಿನಿಯರ್ ಸಂಜೆ ಫೋನ್ ಮಾಡಿ, "ನಿಮ್ಮ ತೋಡು ಒಬ್ಬರ ಅಡುಗೆಮನೆಯೊಳಗೆ ಹರಿಯುತ್ತಾ ಉಂಟಲ್ಲ ಸರ್" ಅಂದರು. ಎರಡು ವಾರದ ಕೆಲಸ ಪುನಃ ಮಾಡಿದ್ದು. ಆ ದಿನದಿಂದ ಯಾವ ಮ್ಯಾಪ್ ಸಿಕ್ಕಿದರೂ ಅದರ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದದ್ದನ್ನೇ ನಾನು ಮೊದಲು ಓದುವುದು.

ಅಂದಹಾಗೆ ಆ ಎವರೆಸ್ಟ್ ಲೆಕ್ಕಕ್ಕೂ ನಮ್ಮ ಊರಿಗೂ ಹಳೇ ಸಂಬಂಧ. 1802ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಬೇಸ್‌ಲೈನ್ ಅನ್ನುವ ಮೂಲ ಗೆರೆ ಅಳೆದು, ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೋಡಲೈಟ್ ಹೊರಿಸಿಕೊಂಡು, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಮಂಗಳೂರಿನ ಕಡಲ ತನಕ ಬಂದ. ಕರಾವಳಿಯಿಂದ ಕರಾವಳಿಗೆ 400 ಮೈಲಿ ಅಂತ ಎಲ್ಲರೂ ಅಂದುಕೊಂಡದ್ದು 360 ಮೈಲಿ ಮಾತ್ರ ಅಂತ ಆಗ ಗೊತ್ತಾಯಿತು. ನಲವತ್ತು ಮೈಲಿ ತಪ್ಪು! ಅವನ ನಂತರ ಆ ಕೆಲಸ ವಹಿಸಿಕೊಂಡವನೇ ಜಾರ್ಜ್ ಎವರೆಸ್ಟ್.

ಕೆಲಸ ಎಲ್ಲೆಲ್ಲಿ ಉಂಟು

ಜಾಸ್ತಿ ಜನರಿಗೆ ಗೊತ್ತಿರುವುದು ಜಾಗದ ಸರ್ವೇ. ಸರ್ಕಾರಿ ಸರ್ವೇಯರ್ ಆಗಬಹುದು, ಇಲಾಖೆಯ ಪರವಾನಗಿ ಪಡೆದ ಸರ್ವೇಯರ್ ಆಗಬಹುದು. ಗಡಿ ಗುರುತಿಸುವ ಹದ್ದುಬಸ್ತು, ಜಾಗದ ಭಾಗ ಮಾರುವ ಮೊದಲಿನ 11ಇ ನಕ್ಷೆ, ಜಾಗ ಭಾಗ ಮಾಡುವ ಪೋಡಿ (ನಮ್ಮ ಕಡೆಯವರು ಪ್ಲಾಟಿಂಗ್ ಅನ್ನುವುದು), ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸುವ ಕನ್ವರ್ಷನ್ನಿನ ನಕ್ಷೆ, ಇವೆಲ್ಲ ಮುಗಿಯದ ಕೆಲಸ. ಖಾಸಗಿಯಲ್ಲಿ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಇಟ್ಟುಕೊಂಡು ರಸ್ತೆ, ಲೇಔಟ್, ಕಟ್ಟಡದ ಕೆಲಸ ಮಾಡುವವರು ಬೇರೆ. ಖಾಸಗಿಯವರ ನಕ್ಷೆ ಎಷ್ಟೇ ನಿಖರವಿದ್ದರೂ ಗಡಿ ತಕರಾರಿನಲ್ಲಿ ಇಲಾಖೆಯ ಅಳತೆಯ ಜಾಗದಲ್ಲಿ ಕೂರುವುದಿಲ್ಲ. ಇದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ.

ಇಲ್ಲಿ ಮಿಷಿನ್ ಅರ್ಧ, ಜನ ಅರ್ಧ. ಬೆಳ್ತಂಗಡಿ ಕಡೆ ಒಂದು ಅಡಿಕೆ ತೋಟಕ್ಕೆ ಹೋಗಿದ್ದೆವು. ಆರ್‌ಟಿಕೆ ರೋವರ್, ಅಂದರೆ ಬಹಳ ನಿಖರದ ಜಿಪಿಎಸ್ ಕೋಲು, ಹಿಡಿದು ನಿಂತರೆ ಸ್ಕ್ರೀನಿನಲ್ಲಿ ಬರೀ ಫ್ಲೋಟ್ (ಇನ್ನೂ ಅಂದಾಜು), ಫಿಕ್ಸ್ (ನಿಖರ ಜಾಗ) ಬರುವುದೇ ಇಲ್ಲ. ಆಕಾಶ ಕಂಡರೆ ಎರಡು ಸೆಂಟಿಮೀಟರ್ ಒಳಗೆ ಹೇಳುವ ಯಂತ್ರ, ಅಡಿಕೆ ಸೋಗೆಯ ಅಡಿ ಕುರುಡಾಗುತ್ತದೆ. ಅದಕ್ಕೆ ನಾವು ಮಾಡುವುದು ಹೀಗೆ: ಹತ್ತಿರದ ಗದ್ದೆಯಲ್ಲಿ, ಆಕಾಶ ತೆರೆದ ಕಡೆ, ರೋವರಿನಲ್ಲಿ ಎರಡು ಬಿಂದು ಫಿಕ್ಸ್ ಮಾಡಿಕೊಳ್ಳುತ್ತೇವೆ. ಒಂದರ ಮೇಲೆ ಟೋಟಲ್ ಸ್ಟೇಷನ್ ಇಟ್ಟು, ಇನ್ನೊಂದಕ್ಕೆ ದಿಕ್ಕು ಹಿಡಿದು, ಮರದ ಸಾಲಿನ ಸಂದಿಯಲ್ಲಿ ಪ್ರಿಸಂ ನೋಡುತ್ತಾ ಒಳಗೆ ಹೋಗುತ್ತೇವೆ. ಅಂದು ನಕ್ಷೆ ಪ್ರಕಾರ ಕಲ್ಲು ಇರಬೇಕಾದ ಕಡೆ ಕಲ್ಲೇ ಇಲ್ಲ. ನೆರೆಮನೆಯ ಅಜ್ಜ ತಂಬುಲ ಜಗಿಯುತ್ತಾ ಎಲ್ಲ ನೋಡುತ್ತಿದ್ದವರು, "ಮಗಾ, ಆ ಕಲ್ಲು ಹಾಕಿದ ದಿನ ನಾನು ಇಲ್ಲೇ ಇದ್ದೆ. ನಿನ್ನ ಮಿಷಿನಿಗೆ ಎಂತ ಗೊತ್ತು, ಈಚೆ ಬಾ" ಅಂತ ಮೂರು ಹೆಜ್ಜೆ ಆಚೆ ತೋರಿಸಿದರು. ಸೋಗೆ ಸರಿಸಿ ಕತ್ತಿಯಲ್ಲಿ ಕೆರೆದರೆ ಕಲ್ಲು ಅಲ್ಲೇ. ಆಮೇಲೆ ನೋಡಿದರೆ ನಾನು ಒಂದು ಬದಿಯ ಲಿಂಕ್ಸ್ ಅಂಕಿಯಲ್ಲಿ 3ನ್ನು 8 ಅಂತ ಓದಿದ್ದೆ. ಸರಿಪಡಿಸಿದಾಗ ಅಜ್ಜನ ಕಲ್ಲು ಒಂದು ಗೇಣಿನೊಳಗೆ ಕೂತಿತು.

ಕುಮ್ಕಿ ಜಾಗದ, ಅಂದರೆ ವರ್ಗ ಜಾಗದ ಪಕ್ಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗದ ಅಳತೆಗೆ ಹೋದರಂತೂ ಬಾಯಿ ಮುಚ್ಚಿಕೊಂಡು ಅಳೆದು ಬನ್ನಿ. ಯಾರದ್ದು ಸರಿ ಅಂತ ತೀರ್ಪು ಕೊಡುವುದು ನಮ್ಮ ಕೆಲಸ ಅಲ್ಲ.

ಸಮುದ್ರದ ಕೆಲಸವನ್ನು ನಮ್ಮ ಹುಡುಗರು ಯಾಕೋ ನೋಡುವುದೇ ಇಲ್ಲ, ಕಡಲು ಬಾಗಿಲಲ್ಲೇ ಇದ್ದರೂ. ಪಣಂಬೂರಿನ ಬಂದರಿಗೆ ಹಡಗು ಬರುವ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಡ್ರೆಜಿಂಗ್ ಮಾಡಬೇಕು. ಎಷ್ಟು ಹೂಳು ತೆಗೆದರು ಅಂತ ಗೊತ್ತಾಗುವುದು ಮೊದಲು ಒಮ್ಮೆ, ಆಮೇಲೆ ಒಮ್ಮೆ ನೀರಿಗೆ ಶಬ್ದ ಕಳಿಸುವ ಎಕೋ ಸೌಂಡರಿನಲ್ಲಿ ಆಳ ಅಳೆದಾಗ. ಅಲ್ಲಿ ಭರತ ಇಳಿತದ ಲೆಕ್ಕ ಒಂದು ಗೇಣು ತಪ್ಪಿದರೂ ಬಿಲ್ಲಿನಲ್ಲಿ ದೊಡ್ಡ ಮೊತ್ತ ಆಚೀಚೆ ಆಗುತ್ತದೆ. ಈ ವಿದ್ಯೆಗೆ ಹೈಡ್ರೋಗ್ರಫಿ ಅಂತ ಹೆಸರು, ನೌಕಾಪಡೆಯ ತರಬೇತಿ ಸಂಸ್ಥೆ ಪಕ್ಕದ ಗೋವಾದಲ್ಲೇ ಇದೆ. ಇನ್ನು ಮಲ್ಪೆಯ ಬೋಟಿನವರಿಗೆ ಮೀನು ಸಿಗಬಹುದಾದ ಜಾಗದ ಮಾಹಿತಿ ಬರುತ್ತದಲ್ಲ, ಅದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವುದು. ಉಪಗ್ರಹದಿಂದ ನೀರಿನ ಮೇಲ್ಮೈಯ ಬಿಸಿ, ಕ್ಲೋರೋಫಿಲ್ಲಿನ ಬಣ್ಣ ನೋಡಿ ಮೀನಿನ ಮೇವು ಎಲ್ಲಿ ಸೇರಿದೆ ಅಂತ ಅಂದಾಜು ಮಾಡುತ್ತಾರೆ. ಅದೂ ಮ್ಯಾಪ್ ಕೆಲಸವೇ. ಹೊಳೆ ಬದಿ, ಕಡಲ ಬದಿ ಮನೆ ಕಟ್ಟುವವರಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆಯ ತಲೆನೋವು, ಅದರ ಹಿಂದೆಯೂ ಮ್ಯಾಪ್.

ಡ್ರೋನ್ ಬಗ್ಗೆ ಕೇಳುವವರೇ ಜಾಸ್ತಿ, ಹಾಗಾಗಿ ಸ್ವಲ್ಪ ತಣ್ಣೀರು ಎರಚುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮ್ ಮೀರಿದ್ದನ್ನು ದುಡ್ಡಿನ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. 18 ವರ್ಷ ಆಗಿರಬೇಕು, ಎಸ್‌ಎಸ್‌ಎಲ್‌ಸಿ ಪಾಸ್ ಆಗಿರಬೇಕು, ಕೇಂದ್ರದ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ ಒಪ್ಪಿದ ಕಡೆ ತರಬೇತಿ ಆಗಿರಬೇಕು. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಲ್ಲಿ ಕೆಂಪು, ಹಳದಿ, ಹಸಿರು ವಲಯ ನೋಡಬೇಕು. ಬಜ್ಪೆಯ ವಿಮಾನ ನಿಲ್ದಾಣ ಇರುವುದರಿಂದ ಮಂಗಳೂರಿನ ಸುತ್ತ ಸುಮ್ನೆ ಎತ್ತಿ ಹಾರಿಸುವಂತಿಲ್ಲ. ಇದೆಲ್ಲ ಆದರೂ ಡ್ರೋನಿಗೆ ಕಾಣುವುದು ತೆಂಗಿನ ಮರದ ತಲೆ, ಅದರ ಅಡಿಯ ನೆಲ ಅಲ್ಲ. 2020ರ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಡ್ರೋನಿನಲ್ಲಿ ಅಳೆಯುವುದು ಬಯಲುಸೀಮೆಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ಲಿ ಮನೆಗಳು ಒತ್ತೊತ್ತಾಗಿ ಒಂದೇ ಕಡೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಒಂದು ತೋಟ, ಒಂದು ಗುಡ್ಡ ದಾಟಬೇಕಲ್ವಾ? ಕೆಂಪುಕಲ್ಲಿನ ಕೋರೆ, ಬೋಳು ಗುಡ್ಡದ ಲೇಔಟ್, ಹೆದ್ದಾರಿ ಕೆಲಸ, ಇಂಥ ಕಡೆ ಡ್ರೋನ್ ರಾಜ. ಅಲ್ಲೂ ನೆಲದ ಮೇಲೆ ಗುರುತು ಹಾಕಿ ರೋವರಿನಲ್ಲಿ ಅಳೆದ ಕಂಟ್ರೋಲ್ ಪಾಯಿಂಟ್ ಇಲ್ಲದಿದ್ದರೆ ಸಿಗುವುದು ಬರೀ ಚಂದದ ಫೋಟೊ.

ಆಫೀಸಿನ ಕೆಲಸದಲ್ಲಿ ಮೊದಲ ಆರು ತಿಂಗಳು ಡಿಜಿಟೈಸಿಂಗ್, ಅಂದರೆ ಉಪಗ್ರಹ ಚಿತ್ರದ ಮೇಲೆ ಮನೆ, ರಸ್ತೆ ಗೀರುತ್ತಾ ಕೂರುವುದು. ಬೇಸರ ಬರುತ್ತದೆ. ಅಲ್ಲೇ ಕೂತುಬಿಡಬೇಡಿ, ಆ ಹೊತ್ತಿನಲ್ಲಿ ಪ್ರೋಗ್ರಾಂ ಬರೆಯುವ ಪೈಥಾನ್ ಮತ್ತು ಮ್ಯಾಪಿನ ಡೇಟಾಬೇಸ್ ಪೋಸ್ಟ್‌ಜಿಐಎಸ್ ಕಲಿಯಿರಿ. 2021ರ ಫೆಬ್ರವರಿ 15ರ ಕೇಂದ್ರ ಸರ್ಕಾರದ ಮ್ಯಾಪ್ ಮಾರ್ಗಸೂಚಿ ಬಂದ ಮೇಲೆ ನಮ್ಮ ದೇಶದ ಕಂಪನಿಗಳು ಮೊದಲಿನ ಹಾಗೆ ಮ್ಯಾಪ್ ಮಾಡಲು ಮುಂಚೆ ಅನುಮತಿಗೆ ಅಲೆಯಬೇಕಾಗಿಲ್ಲ. ಹಾಗಾಗಿ ಖಾಸಗಿಯಲ್ಲಿ ಈಗ ದಾರಿ ತೆರೆದಿದೆ.

ಓದುವುದಾದರೆ

ಹತ್ತನೇ ಆದವರಿಗೆ ಐಟಿಐಯಲ್ಲಿ ಸರ್ವೇಯರ್ ಟ್ರೇಡ್ ಉಂಟು. ಡಿಪ್ಲೊಮಾ ಅಂದರೆ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ ಕೆಪಿಟಿಯಲ್ಲಿ ಸಿವಿಲ್. ಡಿಗ್ರಿ ಆದವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಮೆರೈನ್ ಜಿಯಾಲಜಿ ವಿಭಾಗದಲ್ಲಿ ಜಿಯೋಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ. ಇದೆ. ಇಂಜಿನಿಯರಿಂಗ್ ಆದವರು ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಇಂಜಿನಿಯರಿಂಗ್ ವಿಭಾಗದ ಕಡೆ ನೋಡಿ. 1767ರಿಂದ ಇರುವ ಸರ್ವೇ ಆಫ್ ಇಂಡಿಯಾದ ತರಬೇತಿ ಸಂಸ್ಥೆ ಹೈದರಾಬಾದಿನಲ್ಲಿದೆ. ದುಡ್ಡಿಲ್ಲದವರಿಗೆ ಒಳ್ಳೇ ಸುದ್ದಿ, ಇಸ್ರೋದ ದೂರಸಂವೇದಿ ಸಂಸ್ಥೆ ಐಐಆರ್‌ಎಸ್ ಡೆಹ್ರಾಡೂನಿನಿಂದ ಆನ್‌ಲೈನ್ ಕೋರ್ಸ್ ನಡೆಸುತ್ತದೆ, ಫೀಸ್ ಇಲ್ಲ, ಸರ್ಟಿಫಿಕೇಟೂ ಕೊಡುತ್ತಾರೆ. ಇದಿರುವಾಗ ಗಲ್ಲಿಯ ಇನ್‌ಸ್ಟಿಟ್ಯೂಟಿಗೆ ಸಾಲ ಮಾಡಿ ಸುರಿಯುವುದು ಯಾಕೆ?

ಇಂಟರ್‌ವ್ಯೂಗೆ ಕೈಯಲ್ಲಿ ಎಂತ ಹಿಡಿದುಕೊಂಡು ಹೋಗುವುದು

ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ. ನೀವು ಮಾಡಿದ ಎರಡು ಮ್ಯಾಪ್ ತೆಗೆದುಕೊಂಡು ಹೋಗಿ. ಊರಿನದ್ದೇ ಆಗಿರಲಿ.

ಮಂಗಳೂರಿನ ಕೊಟ್ಟಾರ ಚೌಕಿ ಪ್ರತಿ ಮಳೆಗಾಲ ಮುಳುಗುತ್ತದೆ, ಅದನ್ನು ಹಿಡಿಯಿರಿ. ಮೊದಲು ಸೆಂಟಿನೆಲ್-2 ಉಪಗ್ರಹದ ಚಿತ್ರ ತೆರೆಯುತ್ತೀರಿ, ಉಚಿತ, 10 ಮೀಟರ್ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ ನೆಲದಲ್ಲಿ 10 ಮೀಟರ್. ಜುಲೈ ತಿಂಗಳದ್ದು ಹಾಕಿದರೆ ಬರೀ ಬಿಳಿ ಮೋಡ. ನಮ್ಮ ಮಳೆಗಾಲಕ್ಕೆ ಅದು ಪ್ರಯೋಜನ ಇಲ್ಲ. ಮೋಡ ದಾಟುವ ರೇಡಾರ್ ಬೇಕು ಅಂತ ಸೆಂಟಿನೆಲ್-1ಕ್ಕೆ ಹೋಗುತ್ತೀರಿ. ಗದ್ದೆಯಲ್ಲಿ ನಿಂತ ನೀರು ಅದರಲ್ಲಿ ಕಪ್ಪಾಗಿ ಚೆನ್ನಾಗಿ ಕಾಣುತ್ತದೆ, ಆದರೆ ಕಟ್ಟಡಗಳ ನಡುವಿನ ರಸ್ತೆಯ ನೀರು ಸಿಗುವುದಿಲ್ಲ. ಅಲ್ಲಿಗೆ ಉಪಗ್ರಹ ಮುಗಿಯಿತು. ಈಗ ಕೊಡೆ ಹಿಡಿದು ನಡೆಯಿರಿ. ಅಂಗಡಿ ಗೋಡೆಗಳಲ್ಲಿ ನೀರು ನಿಂತ ಕಲೆ ಎಲ್ಲಿ ತನಕ ಇದೆ ಅಂತ ಅಂಗಡಿಯವರನ್ನೇ ಕೇಳಿ, ನೆಲದಿಂದ ಎತ್ತರ ಬರೆದುಕೊಳ್ಳಿ, ಯಾರಾದರೂ ಸ್ನೇಹಿತರ ಹತ್ತಿರ ಎತ್ತರ ಅಳೆಯುವ ಆಟೋ ಲೆವೆಲ್ ಯಂತ್ರ ಸಿಕ್ಕಿದರೆ ಆ ಕಲೆಗಳನ್ನೆಲ್ಲ ಒಂದೇ ಮಟ್ಟಕ್ಕೆ ತನ್ನಿ. ಮ್ಯಾಪ್ ಸಣ್ಣದಾದರೂ ನಿಮ್ಮದೇ ಡೇಟಾ. ರೇಡಾರ್ ಯಾಕೆ ಬಿಟ್ಟಿರಿ ಅಂತ ಕೇಳಿದರೆ ಹೇಳಲು ಉತ್ತರವೂ ಇರುತ್ತದೆ.

ಇನ್ನೊಂದು ಉಳ್ಳಾಲದ ಕಡಲ್ಕೊರೆತ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೇ ಚಿತ್ರಗಳು ಉಚಿತ, ಎಂಬತ್ತರ ದಶಕದಿಂದ 30 ಮೀಟರ್ ಪಿಕ್ಸೆಲ್ಲಿನವು ಸಿಗುತ್ತವೆ. ಪ್ರತಿ ವರ್ಷದ್ದೂ ಜನವರಿ-ಫೆಬ್ರವರಿಯ ಚಿತ್ರವನ್ನೇ ತೆಗೆಯಿರಿ, ಆಗ ಆಕಾಶ ತಿಳಿಯಾಗಿರುತ್ತದೆ, ದಡವೂ ಒಂದೇ ಋತುವಿನದ್ದಾಗುತ್ತದೆ. ನೇತ್ರಾವತಿ ಅಳಿವೆಯ ಮರಳಿನ ದಿಣ್ಣೆ ಹೇಗೆ ಆಕಾರ ಬದಲಿಸಿದೆ ಅಂತ ತೋರಿಸಬಹುದು. ಆದರೆ "ದಡ 5 ಮೀಟರ್ ಹಿಂದೆ ಹೋಗಿದೆ" ಅಂತ ಮಾತ್ರ ಬರೆಯಬೇಡಿ. 30 ಮೀಟರಿನ ಪಿಕ್ಸೆಲ್ಲಿನಲ್ಲಿ 5 ಮೀಟರ್ ಕಾಣುವುದಿಲ್ಲ. ಒಬ್ಬ ಹುಡುಗ ನನ್ನೆದುರು ಹಾಗೆಯೇ ಬರೆದು ತಂದಿದ್ದ, ಮೂರು ಬಣ್ಣದಲ್ಲಿ. ಒಂದೇ ಪ್ರಶ್ನೆ ಕೇಳಿದೆ, ಮುಖ ಸಣ್ಣದಾಯಿತು. ಅವನು ಈಗ ನಮ್ಮ ಜೊತೆಗೇ ಇದ್ದಾನೆ, ಯಾಕೆಂದರೆ ಮರುವಾರ ಆ ಸಾಲು ಹೊಡೆದು ಹಾಕಿ, ಪ್ರತಿ ಅಂಕಿಯ ಪಕ್ಕ ಎಷ್ಟು ಆಚೀಚೆ ಆಗಬಹುದು ಅಂತ ಬರೆದುಕೊಂಡು ವಾಪಸ್ ಬಂದಿದ್ದ.

ಬೇಲಿ ಅಳೆಯುವ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿ. ಒಂದು ಮಳೆ ಬಿದ್ದರೆ ಸಾಕು, ಕಲ್ಲುಗಳೆಲ್ಲ ಹುಲ್ಲಿನ ಅಡಿ ಹೋಗುತ್ತವೆ, ಆಮೇಲೆ ನವೆಂಬರ್ ತನಕ ಕಾಯಬೇಕು. ಪೊದೆ ಸವರಲು ಒಂದು ಕತ್ತಿ, ಎರಡು ಬಾಟ್ಲಿ ನೀರು, ಘಟ್ಟದ ಬುಡದವರಾದರೆ ಉಂಬಳಕ್ಕೆ ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ನೆರೆಮನೆಯವರಿಗೆ ಮೊದಲೇ ಒಂದು ಮಾತು ಹೇಳಿ ಹೊರಡಿ, ಇಲ್ಲದಿದ್ದರೆ ಟೇಪ್ ಬಿಚ್ಚುವುದರೊಳಗೆ ಅವರೂ ಬೇಲಿ ಹತ್ತಿರ ಬಂದು ನಿಂತಿರುತ್ತಾರೆ.